ಕೆಂಪು ನೆಲವೋ, ಟೈಲ್ಸೋ, ಗ್ರಾನೈಟೋ? ಹಳೆ ಮನೆ ಹೊಸದು ಮಾಡುವವರಿಗೆ

ಮೈಸೂರಿನ ನಮ್ಮ ಮನೆ ಕಟ್ಟಿಸಿದ್ದು 1983ರಲ್ಲಿ. 30-40 ಸೈಟು. ನಡುಮನೆ, ಎರಡು ರೂಮು, ಅಡುಗೆಮನೆ ಎಲ್ಲಕ್ಕೂ ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್. ಮುಂದಿನ ವರಾಂಡಕ್ಕೆ ಮಾತ್ರ ಮೊಸಾಯಿಕ್. ಎರಡು ವರ್ಷದ ಹಿಂದೆ ಮನೆ ರಿಪೇರಿಗೆ ಕೈ ಹಾಕಿದೆವು. ನೋಡಲು ಬಂದ ಇಂಟೀರಿಯರ್‌ನವರು ಮೊದಲು ಹೇಳಿದ ಮಾತೇ "ಈ ನೆಲ ಎಲ್ಲಾ ಕಿತ್ತು ಹಾಕಿಬಿಡೋಣ" ಅಂತ. ಅಮ್ಮ ಅಡುಗೆಮನೆಯಿಂದಲೇ ಕೇಳಿದರು: "ಇದನ್ನ ಕಿತ್ತರೆ ಬೇಸಿಗೇಲಿ ನಾನು ಎಲ್ಲಿ ಮಲಗ್ಲಿ ಕಣೇ?"

ಅದೇ ವಾರ ಬೆಂಗಳೂರಿನ ಗೆಳತಿಯೊಬ್ಬಳ ಫೋನ್ ಬಂತು. ಅವಳು ಹೊಸ ಮನೆ ಕಟ್ಟಿಸುತ್ತಿದ್ದಳು. "ಕೆಂಪು ನೆಲ ಹಾಕೋ ಮೇಸ್ತ್ರಿ ಯಾರಾದ್ರೂ ಗೊತ್ತಿದ್ರೆ ಹೇಳು, ಮೂರು ತಿಂಗಳಿಂದ ಹುಡುಕ್ತಿದೀನಿ" ಅಂದಳು. ನಾವು ಕೀಳಲು ಹೊರಟಿದ್ದನ್ನೇ ಅವಳು ಹುಡುಕುತ್ತಿದ್ದಳು. ಕೂತು ಸರಿಯಾಗಿ ಹೋಲಿಸಿ ನೋಡದೆ ಕೈ ಹಾಕಬಾರದು ಅಂತ ಆಗ ಅನ್ನಿಸಿತು. ಮುಂದಿನ ಆರು ತಿಂಗಳು ಅದೇ ಕೆಲಸ. ಟೈಲ್ಸ್ ಅಂಗಡಿ, ಗ್ರಾನೈಟ್ ಯಾರ್ಡ್, ನೆಂಟರ ಮನೆ, ಗುರುತಿನವರ ಮನೆ, ಎಲ್ಲಿ ಹೋದರೂ ಬರಿಗಾಲಲ್ಲಿ ನಡೆದು ನೋಡಿದೆ. ಕೆಲಸ ಮಾಡಿದ ಮೇಸ್ತ್ರಿಗಳನ್ನು ಮಾತಾಡಿಸಿದೆ. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗಿನ ಟ್ರೆಂಡ್ ಬಗ್ಗೆ ಒಂದು ಮಾತು. ಕೆಲವು ವರ್ಷದ ಹಿಂದೆ ಎಲ್ಲ ಕಡೆ ಬಿಳಿ, ಬೂದಿ ಬಣ್ಣ, ಕನ್ನಡಿಯಂಥ ಹೊಳಪು ಇತ್ತು. ಈಗ ಮಣ್ಣಿನ ಬಣ್ಣಗಳು ಬಂದಿವೆ. ವರ್ಷಕ್ಕೊಂದು ಬಣ್ಣ ಆರಿಸಿ ಹೇಳುವ ಅಮೆರಿಕದ ಪ್ಯಾಂಟೋನ್ ಕಂಪನಿ 2025ರ ಬಣ್ಣ ಅಂತ ಆರಿಸಿದ್ದು ಮೋಕಾ ಮೂಸ್, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಕೆಂಪು ನೆಲ, ಆತ್ತಂಗುಡಿ ಟೈಲ್ಸ್, ಟೆರಾಜೋ, ಸುಣ್ಣದ ಗಾರೆಯ ಗೋಡೆ, ಬೆತ್ತ ಹೆಣೆದ ಬೀರು ಬಾಗಿಲು, ಇವೆಲ್ಲ ಈಗ ಬೇಡಿಕೆಯಲ್ಲಿವೆ. ಟೆರಾಜೋ ಅಂದರೆ ಬೇರೇನಲ್ಲ, ನಮ್ಮ ಮೊಸಾಯಿಕ್ಕೇ. ಅಜ್ಜಿ ಮನೆಯಲ್ಲಿ ಇದ್ದದ್ದೇ ಮತ್ತೆ ಬಂದಿದೆ ಅಂತ ನನಗೆ ನಿಜಕ್ಕೂ ಖುಷಿ. ಆದರೆ ಒಂದೊಂದಕ್ಕೂ ಒಂದೊಂದು ಷರತ್ತಿದೆ. ಫೋಟೋದಲ್ಲಿ ಅದು ಕಾಣುವುದಿಲ್ಲ.

ಮೊದಲು ನೆಲವನ್ನು ತೀರ್ಮಾನಿಸಿ. ಗೋಡೆ ಬಣ್ಣ ಇಷ್ಟವಾಗದಿದ್ದರೆ ಮುಂದಿನ ದೀಪಾವಳಿಗೆ ಬದಲಾಯಿಸಬಹುದು. ಪರದೆ, ದೀಪ, ಸೋಫಾ ಯಾವಾಗ ಬೇಕಾದರೂ ಬದಲಾಗುತ್ತವೆ. ನೆಲ ಹಾಗಲ್ಲ. ಒಮ್ಮೆ ಬೀರು, ಅಡುಗೆಮನೆ ಕಟ್ಟೆ ಎಲ್ಲ ಕೂತ ಮೇಲೆ ನೆಲ ಕೀಳುವುದು ಅಂದರೆ ಮನೆ ಖಾಲಿ ಮಾಡಿದ ಹಾಗೆಯೇ. ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ: ಹತ್ತು ವರ್ಷದ ಮೇಲೆ ಇದು ಕೆಟ್ಟರೆ ನಮ್ಮೂರಲ್ಲಿ ಸರಿ ಮಾಡುವವರು ಯಾರು? ಆರು ತಿಂಗಳ ಓಡಾಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಪ್ರಶ್ನೆ.

ಕೆಂಪು ನೆಲ

ಸಾಮಾನು ನೋಡಿದರೆ ಇದಕ್ಕಿಂತ ಅಗ್ಗದ ನೆಲ ಇಲ್ಲ. ಸಿಮೆಂಟು, ಮರಳು, ಕಬ್ಬಿಣದ ಆಕ್ಸೈಡ್ ಪುಡಿ, ಅಷ್ಟೇ. ದುಡ್ಡೆಲ್ಲ ಹೋಗುವುದು ಕೈಗೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ಗಾರೆ, ಅದು ಇನ್ನೂ ಹಸಿಯಾಗಿರುವಾಗಲೇ ಆಕ್ಸೈಡ್ ಬೆರೆಸಿದ ಸಿಮೆಂಟನ್ನು ತೆಳ್ಳಗೆ ಹರಡಿ ಉಕ್ಕಿನ ಕರಣೆಯಿಂದ ತಿಕ್ಕುತ್ತಾ ಹೋಗಬೇಕು. ಒಂದು ರೂಮು ಶುರು ಮಾಡಿದರೆ ಒಂದೇ ಸಲಕ್ಕೆ ಮುಗಿಸಬೇಕು. ಊಟಕ್ಕೆ ಅಂತ ಮಧ್ಯೆ ಎದ್ದು ಹೋದರೆ ಆ ಗೆರೆ ಜೀವನಪೂರ್ತಿ ಕಾಣುತ್ತದೆ. ಸಿಮೆಂಟು ಮತ್ತು ಆಕ್ಸೈಡ್ ಎಲ್ಲ ಒಂದೇ ಸಲ ಒಣದಾಗಿ ಬೆರೆಸಿ ಇಟ್ಟುಕೊಳ್ಳಬೇಕು. ಬಕೆಟ್ಟಿಗೊಂದು ಅಳತೆ ಆದರೆ ರೂಮಿಗೊಂದು ಬಣ್ಣ ಬರುತ್ತದೆ. ಆಮೇಲೆ ಕನಿಷ್ಠ ಒಂದು ವಾರ ನೀರು ಕಟ್ಟಿ ನಿಲ್ಲಿಸಬೇಕು. ಈ ಒಂದು ವಾರವನ್ನು ಇವತ್ತಿನ ಕಂಟ್ರ್ಯಾಕ್ಟರುಗಳು ಕೊಡುವುದಿಲ್ಲ. ಬಿರುಕು ಬಿಟ್ಟ ಹೊಸ ಕೆಂಪು ನೆಲ ನಾನು ನೋಡಿದ್ದು ನಾಲ್ಕು. ನಾಲ್ಕಕ್ಕೂ ಕಾರಣ ಒಂದೇ, ಆತುರ.

ಒಳ್ಳೆಯ ಗುಣ ಅಂದರೆ ಜಾಯಿಂಟ್ ಇಲ್ಲ. ಕೊಳೆ ಕೂರಲು ಸಂದಿಯೇ ಇಲ್ಲ. ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಒರೆಸಿದಷ್ಟೂ ಹೊಳಪು ಬರುತ್ತದೆ. ನಮ್ಮಜ್ಜಿ ಹಬ್ಬಕ್ಕೆ ಮುಂಚೆ ಹಳೆ ಬಟ್ಟೆಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿಸುತ್ತಿದ್ದರು. ಬಣ್ಣ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು, ಹಾಗಾಗಿ ಬಿಸಿಲಿಗೆ ಅಷ್ಟು ಬೇಗ ಮಾಸುವುದಿಲ್ಲ. ಕಪ್ಪು, ಹಳದಿ ಆಕ್ಸೈಡೂ ಹೀಗೆಯೇ ಗಟ್ಟಿ.

ತೊಂದರೆ ಮೂರು. ಕೂದಲೆಳೆಯಂಥ ಬಿರುಕು ಬಂದೇ ಬರುತ್ತದೆ, ಅದನ್ನು ಒಪ್ಪಿಕೊಳ್ಳುವ ಮನಸ್ಸು ಬೇಕು. ಒಡೆದ ಕಡೆ ತೇಪೆ ಹಾಕಿದರೆ ಬಣ್ಣ ಸೇರುವುದಿಲ್ಲ, ತೇಪೆ ತೇಪೆಯಾಗಿಯೇ ಕಾಣುತ್ತದೆ. ನೆಲದ ಕೆಳಗೆ ತೇವ ಇದ್ದರೆ ಬಿಳಿ ಉಪ್ಪು ಮೇಲೆ ಬರುತ್ತದೆ, ಎಷ್ಟು ಒರೆಸಿದರೂ ಮತ್ತೆ ಬರುತ್ತದೆ.

ಹೊಸದಾಗಿ ಹಾಕಿಸುವುದಾದರೆ ಮೇಸ್ತ್ರಿ ಹಾಕಿದ ಹಳೆಯ ನೆಲ ಒಂದನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಹಿತ್ತಲಲ್ಲೋ ಟೆರೇಸ್ ಮೇಲೋ ಮೂರಡಿ ಚೌಕ ಹಾಕಿಸಿ, ಒಂದು ವಾರ ನೀರು ಕಟ್ಟಿ ನೋಡಿ. ಈಗಾಗಲೇ ಇದ್ದರೆ? ಉಳಿಸಿಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ನೆಲಕ್ಕೆ ಆಗಿದ್ದು ಇಷ್ಟೇ: ಹಳೆ ಮೇಣದ ಪದರ ತೆಗೆಸಿ, ಸಣ್ಣ ಬಿರುಕುಗಳಿಗೆ ಆಕ್ಸೈಡ್ ಬೆರೆಸಿದ ಸಿಮೆಂಟು ತುಂಬಿಸಿ, ಮತ್ತೆ ಮೇಣ ತಿಕ್ಕಿಸಿದೆವು. ಹಳೆಯ ಮೇಸ್ತ್ರಿಯೊಬ್ಬರು ಮಗನ ಜೊತೆ ಬಂದು ಐದು ದಿನ ಕೆಲಸ ಮಾಡಿದರು. ಅವರು ನೆಲ ಮುಟ್ಟಿ ನೋಡಿ, "ಇದನ್ನ ಹಾಕಿದವನ ಕೈ ಚೆನ್ನಾಗಿತ್ತಮ್ಮ, ಇದು ಇನ್ನೂ ನಿಮ್ಮ ಮಕ್ಕಳ ಕಾಲಕ್ಕೂ ಆಗತ್ತೆ" ಅಂದರು. ಅಮ್ಮನ ಮುಖ ಆಗ ನೋಡಬೇಕಿತ್ತು.

ಆತ್ತಂಗುಡಿ ಟೈಲ್ಸ್

ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಆತ್ತಂಗುಡಿ ಅಂತ ಒಂದು ಊರಿದೆ, ಶಿವಗಂಗೈ ಜಿಲ್ಲೆಯಲ್ಲಿ. ಈ ಟೈಲ್ಸು ಹುಟ್ಟಿದ್ದು ಅಲ್ಲಿ. ಗಾಜಿನ ಹಲಗೆ ಮೇಲೆ ಲೋಹದ ಅಚ್ಚು ಇಟ್ಟು, ಅಚ್ಚಿನ ಒಂದೊಂದು ಖಾನೆಗೂ ಒಂದೊಂದು ಬಣ್ಣದ ಸಿಮೆಂಟನ್ನು ಕೈಯಿಂದ ಹುಯ್ಯುತ್ತಾರೆ. ಅಚ್ಚು ತೆಗೆದು, ಮೇಲೆ ಅಲ್ಲಿನ ಮರಳು, ಸಿಮೆಂಟು ಹಾಕಿ ಒತ್ತಿ, ಆಮೇಲೆ ನೀರಿನಲ್ಲಿ ನೆನೆಸಿಡುತ್ತಾರೆ. ಇದನ್ನು ಸುಡುವುದಿಲ್ಲ. ಮೇಲಿನ ಹೊಳಪು ಗಾಜಿನಿಂದ ಬಂದದ್ದು. ಹಾಗಾಗಿ ಹಾಸಿದ ಮೇಲೆ ಮೆಷೀನ್ ಹಾಕಿ ಉಜ್ಜಿದರೆ ಬಣ್ಣದ ಪದರವೇ ಹೋಗುತ್ತದೆ. ಮೊಸಾಯಿಕ್ ಹಾಕಿ ಅಭ್ಯಾಸ ಇರುವ ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿಬಿಡಿ.

ಕೆಂಪು ನೆಲದ ಜೊತೆ ಹೋಲಿಸಿದರೆ ಇದರ ಅನುಕೂಲ ಏನು ಅಂದರೆ, ಒಂದು ಟೈಲ್ ಒಡೆದರೆ ಒಂದನ್ನೇ ಬದಲಾಯಿಸಬಹುದು. ನೀರು ಕಟ್ಟುವ ವಾರ ಉಳಿಯುತ್ತದೆ. ಆದರೆ ಇದು ಸಿಮೆಂಟಿನದು, ಕಲೆ ಹೀರುತ್ತದೆ. ಅರಿಶಿನ, ಎಣ್ಣೆ, ಹುಣಸೆರಸ ಬಿದ್ದ ತಕ್ಷಣ ಒರೆಸಬೇಕು. ಮೊದಲ ಕೆಲವು ತಿಂಗಳು ದಿನಾ ಒರೆಸಿದ ಮೇಲೆಯೇ ಅದರ ನಿಜವಾದ ಹೊಳಪು ಬರುವುದು. ಮನೆ ತುಂಬಾ ಹಾಕಿಸಿದರೆ ಕಣ್ಣಿಗೆ ಜಾಸ್ತಿ ಆಗುತ್ತದೆ. ದೇವರಮನೆ, ಜಗಲಿ, ಊಟದ ಮೇಜಿನ ಕೆಳಗೆ ಜಮಖಾನದ ಹಾಗೆ ಒಂದು ಚೌಕ, ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಅಡುಗೆಮನೆಗೆ ಬೇಡ.

ಅಂಗಡಿಗಳಲ್ಲಿ ಇದೇ ವಿನ್ಯಾಸವನ್ನು ವಿಟ್ರಿಫೈಡ್ (ಕಾರ್ಖಾನೆಯಲ್ಲಿ ಜೋರು ಶಾಖಕ್ಕೆ ಸುಟ್ಟು ಗಟ್ಟಿ ಮಾಡಿದ) ಟೈಲ್ಸ್ ಮೇಲೆ ಪ್ರಿಂಟ್ ಮಾಡಿದ್ದೂ ಸಿಗುತ್ತದೆ. ಅದು ಕಲೆ ಹಿಡಿಯುವುದಿಲ್ಲ, ನೋಡಲೂ ಪರವಾಗಿಲ್ಲ. ಆದರೆ ಅದನ್ನು ಆತ್ತಂಗುಡಿ ಅಂತ ಹೇಳಿ ಆತ್ತಂಗುಡಿ ಬೆಲೆಗೆ ಮಾರುತ್ತಿದ್ದರೆ ತಿರುಗಿಸಿ ಹಿಂಭಾಗ ನೋಡಿ. ಕೈಯಲ್ಲಿ ಮಾಡಿದ್ದು ಹೆಚ್ಚುಕಡಿಮೆ ಮುಕ್ಕಾಲು ಇಂಚು ದಪ್ಪ, ಹಿಂದೆ ಒರಟು ಸಿಮೆಂಟು. ಪ್ರಿಂಟ್ ಆದದ್ದು ತೆಳ್ಳಗೆ, ಹಿಂದೆ ಅಚ್ಚೊತ್ತಿದ ಗೆರೆಗಳಿರುತ್ತವೆ.

ಮೊಸಾಯಿಕ್ ಇದ್ದವರಿಗೆ

ನಿಮ್ಮ ಮನೆಯಲ್ಲಿ ಎಪ್ಪತ್ತು, ಎಂಬತ್ತರ ದಶಕದ ಮೊಸಾಯಿಕ್ ಇದ್ದರೆ ನೀವು ಅದೃಷ್ಟವಂತರು. ಅಮೃತಶಿಲೆಯ ಚೂರು, ಸಿಮೆಂಟು ಸೇರಿಸಿ ಮಾಡಿದ್ದು. ಹೊಳಪು ಹೋಗಿದ್ದರೆ ಒರಟು ಕಲ್ಲಿನಿಂದ ಶುರು ಮಾಡಿ ನಯವಾದ ಕಲ್ಲಿನವರೆಗೆ ಮೆಷೀನ್ ಹೊಡೆಸಿ, ಪಾಲಿಶ್ ಮಾಡಿಸಿದರೆ ಸಾಕು. ಕಿತ್ತು ಹೊಸದು ಹಾಕುವುದಕ್ಕಿಂತ ಖರ್ಚು ಎಷ್ಟೋ ಕಮ್ಮಿ. ಉಜ್ಜುವಾಗ ಕೆಸರು ನೀರು ಗೋಡೆಗೆಲ್ಲ ಹಾರುತ್ತದೆ, ಆದ್ದರಿಂದ ಬಣ್ಣ ಹೊಡೆಸುವ ಮೊದಲು ಇದು ಮುಗಿಯಬೇಕು. ಆ ಕೆಸರನ್ನು ಪೈಪಿಗೆ ಬಿಡಬೇಡಿ, ಒಳಗೇ ಗಟ್ಟಿಯಾಗಿ ಕೂರುತ್ತದೆ.

ವಿಟ್ರಿಫೈಡ್ ಟೈಲ್ಸ್

ಇದನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಬಾಡಿಗೆ ಮನೆಗೆ, ಫ್ಲಾಟಿಗೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದರಷ್ಟು ಸುಲಭದ್ದು ಬೇರೆ ಇಲ್ಲ. ನೀರು ಹೀರುವುದು ಶೇಕಡಾ 0.5ಕ್ಕಿಂತ ಕಮ್ಮಿ, ಹಾಗಾಗಿ ಸಾರು ಚೆಲ್ಲಿದರೂ ಚಿಂತೆ ಇಲ್ಲ. ಹಾಕುವವರು ಪ್ರತಿ ಊರಲ್ಲೂ ಇದ್ದಾರೆ. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುತ್ತದೆ, ಆಯ್ಕೆಗೆ ಕೊನೆಯಿಲ್ಲ.

ಅಂಗಡಿಯಲ್ಲಿ ಡಬಲ್ ಚಾರ್ಜ್, ಜಿವಿಟಿ, ಪಿಜಿವಿಟಿ ಅಂತೆಲ್ಲ ಹೇಳುತ್ತಾರೆ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ, ಸವೆದರೂ ಅದೇ ಬಣ್ಣ. ವಿನ್ಯಾಸ ಮಾತ್ರ ಕಮ್ಮಿ. ಜಿವಿಟಿ ಅಂದರೆ ಮೇಲೆ ಪ್ರಿಂಟು, ಅದರ ಮೇಲೆ ಗ್ಲೇಜು. ಮರದ ಹಾಗೆ, ಕಲ್ಲಿನ ಹಾಗೆ ಕಾಣುವುದೆಲ್ಲ ಇದೇ. ಇದನ್ನೇ ಪಾಲಿಶ್ ಮಾಡಿದರೆ ಪಿಜಿವಿಟಿ, ಕನ್ನಡಿ ಹೊಳಪು. ಜಾಸ್ತಿ ಓಡಾಡುವ ಜಾಗಕ್ಕೆ ಡಬಲ್ ಚಾರ್ಜ್, ರೂಮುಗಳಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಜಿವಿಟಿ ಒಳ್ಳೆಯದು. ಕನ್ನಡಿ ಹೊಳಪಿನದ್ದು ನನಗೆ ಎಲ್ಲೂ ಬೇಡ. ಕಾರಣ ಹೇಳುತ್ತೇನೆ.

ಬೆಂಗಳೂರಿನ ನಮ್ಮ ಫ್ಲಾಟಿಗೆ ಎಂಟು ವರ್ಷದ ಹಿಂದೆ ಪಿಜಿವಿಟಿ ಹಾಕಿಸಿದ್ದೆವು. ಸಂದಿ ಕಾಣಬಾರದು ಅಂತ ಟೈಲಿಗೆ ಟೈಲ್ ತಾಗಿಸಿ ಹಾಕಿದ್ದರು. ಎರಡನೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಟಾರ್ ಅಂತ ಸದ್ದು. ನಡುಮನೆಯಲ್ಲಿ ಒಂದು ಸಾಲು ಟೈಲ್ಸು ಗುಡಾರದ ಹಾಗೆ ಮೇಲೆದ್ದು ನಿಂತಿತ್ತು. ಬಿಸಿಗೆ ಹಿಗ್ಗಲು ಜಾಗ ಇರಲಿಲ್ಲ, ಕೆಳಗೆ ಸಿಮೆಂಟು ಪೂರ್ತಿ ಹಿಡಿದಿರಲಿಲ್ಲ. ಹಾಕಿದ ಕಂಟ್ರ್ಯಾಕ್ಟರ್ ಫೋನ್ ಎತ್ತಲಿಲ್ಲ. ಅದೇ ವರ್ಷ ಅಮ್ಮ ಬಂದಾಗ ಬಚ್ಚಲುಮನೆ ಬಾಗಿಲ ಹತ್ತಿರ, ಒದ್ದೆ ಕಾಲಲ್ಲಿ ಆ ಹೊಳಪಿನ ನೆಲದ ಮೇಲೆ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ಮೂರು ವಿಷಯ ಬಿಡಬೇಡಿ. ಟೈಲುಗಳ ನಡುವೆ 2ರಿಂದ 3 ಮಿಲಿಮೀಟರ್ ಸ್ಪೇಸರ್ (ಸಂದಿ ಬಿಡಲು ಇಡುವ ಪ್ಲಾಸ್ಟಿಕ್ ತುಂಡು) ಇಟ್ಟೇ ಹಾಕಿಸಿ, ಗೋಡೆ ಅಂಚಿನಲ್ಲೂ ಸ್ವಲ್ಪ ಜಾಗ ಬಿಡಿಸಿ, ಗೋಡೆ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ. ಹಾಕಿ ಒಣಗಿದ ಮೇಲೆ ನಾಣ್ಯದಿಂದ ಒಂದೊಂದು ಟೈಲನ್ನೂ ತಟ್ಟಿ. ಟೊಳ್ಳು ಸದ್ದು ಬಂದರೆ ಅವತ್ತೇ ತೆಗೆಸಿ ಮತ್ತೆ ಹಾಕಿಸಿ, ಪೂರ್ತಿ ದುಡ್ಡು ಕೊಡುವುದು ಆಮೇಲೆ. ಬಚ್ಚಲುಮನೆ, ಹಿತ್ತಲು, ಬಾಲ್ಕನಿಗೆ ಜಾರದ ಟೈಲ್ಸೇ ಬೇಕು. ಜಾರುವಿಕೆಯ ಅಳತೆ ಡಬ್ಬದ ಮೇಲೆ ಇಲ್ಲವೇ ಕಂಪನಿಯ ಪಟ್ಟಿಯಲ್ಲಿ ಆರ್ 9, ಆರ್ 10, ಆರ್ 11 ಅಂತ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಒದ್ದೆ ಜಾಗಕ್ಕೆ ಆರ್ 10ಕ್ಕಿಂತ ಕಮ್ಮಿ ತೆಗೆದುಕೊಳ್ಳಬೇಡಿ. ಅಂಗಡಿಯವರನ್ನು ಕೇಳಿ ಸ್ವಲ್ಪ ನೀರು ಹಾಕಿಸಿ, ಬರಿಗಾಲಲ್ಲಿ ನಿಂತು ನೋಡಿ. ನಾಚಿಕೆ ಬೇಡ.

ಲೆಕ್ಕದ್ದೂ ಒಂದು ಮಾತು. 2-2 ಟೈಲ್ಸ್ ಅಂತ ಕರೆಯುವುದು ನಿಜವಾಗಿ 600 ಮಿಲಿಮೀಟರ್, ಎರಡಡಿಗಿಂತ ಸ್ವಲ್ಪ ಕಮ್ಮಿ. ನಾಲ್ಕು ಟೈಲಿನ ಡಬ್ಬ 16 ಚದರಡಿ ಅಲ್ಲ, 15.5 ಚದರಡಿ. ಸಾವಿರ ಚದರಡಿಗೆ ಎರಡು ಡಬ್ಬದ ವ್ಯತ್ಯಾಸ ಬರುತ್ತದೆ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡಾ 5ರಿಂದ 10 ಸೇರಿಸಿ.

ಗ್ರಾನೈಟ್, ಶಹಾಬಾದ್ ಕಲ್ಲು

ಕಲ್ಲಿನ ವಿಷಯದಲ್ಲಿ ನಮ್ಮ ರಾಜ್ಯ ಶ್ರೀಮಂತ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಕನಕಪುರದ ಕಡೆಯ ಬಣ್ಣ ಬಣ್ಣದ ಕಲ್ಲು. ಗ್ರಾನೈಟ್ ಒಮ್ಮೆ ಹಾಕಿದರೆ ನಿಮ್ಮ ಕಾಲಕ್ಕೆ ಅದು ಮುಗಿಯಿತು. ಹೊಳಪು ಕಮ್ಮಿಯಾದರೆ ಮತ್ತೆ ಪಾಲಿಶ್ ಮಾಡಿಸಬಹುದು. ಮೆಟ್ಟಿಲಿಗೆ, ಅಡುಗೆಮನೆ ಕಟ್ಟೆಗೆ, ಹೊಸ್ತಿಲ ಹತ್ತಿರ ಇದನ್ನು ಮೀರಿಸಿದ್ದು ಇಲ್ಲ. ನೆಲಕ್ಕೆ ಹಾಕುವುದಾದರೆ ಪಾಲಿಶ್ ಮಾಡಿದ್ದು ಒದ್ದೆಯಾದರೆ ಜಾರುತ್ತದೆ ಅನ್ನುವುದು ನೆನಪಿರಲಿ. ಹೊರಗಡೆಗೆ ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಕಲ್ಲು ಕೇಳಿ.

ಕಪ್ಪು ಗ್ರಾನೈಟ್ ಕೊಳ್ಳುವಾಗ ಹುಷಾರು. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದುಂಟು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಒಂದು ಬಾಟಲಿ ಜೊತೆಗೆ ತೆಗೆದುಕೊಂಡು ಹೋಗಿ. ಬಿಳಿ ಬಟ್ಟೆಗೆ ಹಾಕಿ ಕಲ್ಲನ್ನು ಜೋರಾಗಿ ಒರೆಸಿ. ಬಟ್ಟೆ ಕಪ್ಪಾದರೆ ಆ ಕಲ್ಲು ಬಿಡಿ.

ಹಳೆ ಮನೆ ಮಹಡಿಗೆ ಕಲ್ಲು ಹಾಕಿಸುವ ಮೊದಲು ಭಾರದ ಲೆಕ್ಕ ಹಾಕಿ. ಇದು ಬಹಳ ಮಂದಿ ಮರೆಯುವ ವಿಷಯ. ಹಳೆ ನೆಲದ ಮೇಲೆಯೇ ಎರಡು ಇಂಚು ಗಾರೆ, ಅದರ ಮೇಲೆ 18 ಮಿಲಿಮೀಟರ್ ಗ್ರಾನೈಟ್ ಅಂದರೆ 100 ಚದರಡಿ ರೂಮಿಗೆ ಹತ್ತಿರ ಹತ್ತಿರ 1,400 ಕೆಜಿ ಹೊಸ ಭಾರ. ಅದೇ ರೂಮಿಗೆ ತೆಳ್ಳಗಿನ ಟೈಲನ್ನು ಅಂಟಿನಿಂದ ಹಚ್ಚಿದರೆ 250ರಿಂದ 300 ಕೆಜಿ. ನಲವತ್ತು ವರ್ಷದ ತಾರಸಿ, ಅದರಲ್ಲೂ ಮರದ ತೊಲೆ ಮೇಲೆ ಕಟ್ಟಿದ ಮದ್ರಾಸ್ ತಾರಸಿ ಆಗಿದ್ದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಕಲ್ಲು ಹತ್ತಿಸಬೇಡಿ. ಟೈಲ್ ಮೇಲೆ ಟೈಲ್ ಹಾಕಿದರೂ ನೆಲ ಅರ್ಧ ಇಂಚಿನಷ್ಟು ಏರುತ್ತದೆ. ಬಾಗಿಲ ಬುಡ ಕತ್ತರಿಸಬೇಕಾಗುತ್ತದೆ, ಬಚ್ಚಲಿನ ವಾಟ ಬದಲಾಗುತ್ತದೆ.

ಕಲಬುರಗಿ ಕಡೆಯವರಿಗೆ ನಾನು ಫರಸಿ (ನೆಲಕ್ಕೆ ಹಾಸುವ ಕಲ್ಲು) ಬಗ್ಗೆ ಹೇಳಿಕೊಡುವುದು ಏನೂ ಇಲ್ಲ. ಶಹಾಬಾದ್ ಕಲ್ಲು ಅಲ್ಲಿನ ಮನೆಗಳ ಅಂಗಳ, ಪಡಸಾಲೆಗಳಲ್ಲಿ ತಲೆಮಾರುಗಳಿಂದ ಇದೆ. ಆ ಬಿಸಿಲಿಗೆ ಮಧ್ಯಾಹ್ನ ಒಂದಿಷ್ಟು ನೀರು ಚಿಮುಕಿಸಿ ಅದರ ಮೇಲೆ ಕೂತವರಿಗೆ ಅದರ ಬೆಲೆ ಗೊತ್ತು. ಈಗ ಬೆಂಗಳೂರಿನ ಆರ್ಕಿಟೆಕ್ಟುಗಳೂ ರಾಜಸ್ಥಾನದ ಕೋಟಾ, ನಮ್ಮ ಶಹಾಬಾದ್ ಎರಡನ್ನೂ ಕೇಳುತ್ತಿದ್ದಾರೆ. ಎರಡೂ ಸುಣ್ಣದ ಕಲ್ಲುಗಳು. ಆಸಿಡ್ ತಾಗಿದರೆ ತಿಂದುಹೋಗುತ್ತವೆ. ನಿಂಬೆರಸ, ಟಾಯ್ಲೆಟ್ ತೊಳೆಯುವ ದ್ರಾವಣ ಎರಡರಿಂದಲೂ ದೂರ ಇಡಬೇಕು. ಅಷ್ಟು ನೋಡಿಕೊಂಡರೆ ಅಗ್ಗಕ್ಕೆ ಇಷ್ಟು ಒಳ್ಳೆಯ ನೆಲ ಸಿಗುವುದು ಕಷ್ಟ.

ಮರದ ನೆಲ

ಮರದ ನೆಲದ ಆಸೆ ಇರುವವರು ಲ್ಯಾಮಿನೇಟ್, ಎಸ್‌ಪಿಸಿ ಅನ್ನುವ ಎರಡು ಹೆಸರು ಕೇಳುತ್ತೀರಿ. ಲ್ಯಾಮಿನೇಟ್‌ನ ಒಳಗೆ ಮರದ ಪುಡಿಯ ಹಲಗೆ, ನೀರು ಕುಡಿದರೆ ಉಬ್ಬುತ್ತದೆ. ಎಸ್‌ಪಿಸಿಯಲ್ಲಿ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್, ನೀರಿಗೆ ಹೆದರುವುದಿಲ್ಲ. ಹಳೆ ನೆಲ ಸಮವಾಗಿದ್ದರೆ ಅದರ ಮೇಲೆಯೇ ಒಂದಕ್ಕೊಂದು ಕೊಂಡಿ ಸಿಕ್ಕಿಸಿ ಒಂದೇ ದಿನದಲ್ಲಿ ಹಾಸಬಹುದು, ಮುಂದೆ ತೆಗೆಯಲೂಬಹುದು. ದಿನಾ ಬಕೆಟ್ ನೀರು ಹಾಕಿ ಒರೆಸುವ ನಮ್ಮ ಮನೆಗಳಿಗೆ ಲ್ಯಾಮಿನೇಟ್ ಬೇಡ. ಮಲೆನಾಡು, ಕರಾವಳಿಯಲ್ಲಂತೂ ಬೇಡವೇ ಬೇಡ. ಕಾಲಿಗೆ ಬೆಚ್ಚಗಿರಬೇಕು ಅನ್ನುವುದಷ್ಟೇ ಆಸೆಯಾದರೆ ಮಂಚದ ಪಕ್ಕ ನವಲಗುಂದದ ಜಮಖಾನ ಒಂದು ಹಾಸಿ. ನಾನು ಅದನ್ನೇ ಮಾಡಿದ್ದೇನೆ.

ಊರಿಗೆ ತಕ್ಕ ಆಯ್ಕೆ

ನನ್ನ ಅಕ್ಕ ಭಾವ ಉಡುಪಿಯಲ್ಲಿದ್ದಾರೆ. ಅವರೂ ಕೆಂಪು ನೆಲವೇ ಬೇಕು ಅಂತ ಕೂತಿದ್ದರು. ಅವರ ಮನೆ ಗದ್ದೆ ಪಕ್ಕ, ಮಳೆಗಾಲದಲ್ಲಿ ಗೋಡೆಯಲ್ಲಿ ಎರಡಡಿ ಎತ್ತರಕ್ಕೆ ತೇವ. ನೆಲದ ಅಡಿಯಲ್ಲಿ ತೇವ ತಡೆಯುವ ವ್ಯವಸ್ಥೆ ಇಲ್ಲ. ಅಲ್ಲಿ ಕೆಂಪು ನೆಲ ಹಾಕಿದ್ದರೆ ಮೊದಲ ಮಳೆಗೇ ಬಿಳಿ ಉಪ್ಪು ಬರುತ್ತಿತ್ತು. ಅವರು ಕೊನೆಗೆ ಆರಿಸಿದ್ದು ಸುಟ್ಟ ಮಣ್ಣಿನ ಹೆಂಚಿನ ಬಿಲ್ಲೆ. ತೇವ ಮೇಲೆ ಬಂದರೂ ಅದು ಹಾಗೆಯೇ ಆರಿಹೋಗುತ್ತದೆ. ಹೆಂಚಿನ ವಿಷಯದಲ್ಲಿ ಕರಾವಳಿಗೆ ಹಳೆ ಅನುಭವ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಕೆಲಸ ಗೊತ್ತಿರುವವರು ಅಲ್ಲಿ ಇನ್ನೂ ಸಿಗುತ್ತಾರೆ. ರಿಪೇರಿಗೆ ದೂರ ಹೋಗಬೇಕಾಗಿಲ್ಲ.

ನಮ್ಮ ಬೆಂಗಳೂರಿನ ಫ್ಲಾಟಿನಲ್ಲಿ ಎದ್ದ ಟೈಲ್ಸಿನ ಜಾಗಕ್ಕೆ ಮತ್ತೆ ವಿಟ್ರಿಫೈಡ್ಡೇ ಹಾಕಿಸಿದೆ, ಈ ಸಲ ಮ್ಯಾಟ್. ಐದನೇ ಮಹಡಿಯಲ್ಲಿ ಒಂದು ವಾರ ನೀರು ಕಟ್ಟಿ ನಿಲ್ಲಿಸಿದರೆ ಕೆಳಗಿನ ಮನೆಯವರು ಸುಮ್ನೆ ಇರುತ್ತಾರಾ? ಗೆಳತಿಗೆ ಕೊನೆಗೂ ಮೇಸ್ತ್ರಿ ಸಿಕ್ಕರು. ಅವಳದ್ದು ನೆಲಮಹಡಿ, ಹೊಸ ಅಡಿಪಾಯ, ಕಾಯುವ ತಾಳ್ಮೆ. ಅವಳ ನೆಲ ನೋಡಿದರೆ ಕಣ್ಣಿಗೆ ಹಬ್ಬ.

ಗೋಡೆ, ಬೀರು, ಅಡುಗೆಮನೆ

ಇವುಗಳ ಬಗ್ಗೆ ಇಷ್ಟು ವಿವರ ಬೇಕಾಗಿಲ್ಲ. ಆದರೂ ಎರಡು ಮೂರು ಕಡೆ ದುಡ್ಡು ಹಾಳಾಗುವುದು ನೋಡಿದ್ದೇನೆ.

ಸುಣ್ಣದ ಗಾರೆಯ ಗೋಡೆ ಮತ್ತೆ ಬಂದಿದೆ. ಕಾವಿ ಕಲೆ (ಸುಣ್ಣದ ಗೋಡೆ ಮೇಲೆ ಕೆಮ್ಮಣ್ಣಿನ ಬಣ್ಣದ ಚಿತ್ರ) ಗೊತ್ತಿರುವ ಉತ್ತರ ಕನ್ನಡದವರಿಗೆ ಇದು ಹೊಸದಲ್ಲ. ತೇವದ ಗೋಡೆಗೆ ಇದು ಒಳ್ಳೆಯದು, ಏಕೆಂದರೆ ಸುಣ್ಣ ಉಸಿರಾಡುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಪದರ ಪದರವಾಗಿ ಏಳುತ್ತದೆ. ಆದರೆ ಚಿಕ್ಕ ಮಕ್ಕಳಿರುವ ಮನೆಗೆ, ಕ್ರೇಯಾನ್ ಗೀಚುವ ಕೈಗಳಿರುವ ಮನೆಗೆ ಒರೆಸಬಹುದಾದ ಎಮಲ್ಷನ್ನೇ ಸುಲಭ. ಉದ್ದುದ್ದ ಗೆರೆಯ ಫ್ಲೂಟೆಡ್ ಪ್ಯಾನೆಲ್ ಈಗ ಟಿವಿ ಹಿಂದೆ ಎಲ್ಲರ ಮನೆಯಲ್ಲೂ ಇದೆ. ನನಗೆ ಅದು ಇಷ್ಟವಿಲ್ಲ. ಗೆರೆ ಗೆರೆಯಲ್ಲೂ ದೂಳು ಕೂರುತ್ತದೆ, ಹಿಂದೆ ಗೋಡೆ ಸೋರಿದರೆ ಗೆದ್ದಲು ಹತ್ತುವ ತನಕ ಗೊತ್ತಾಗುವುದಿಲ್ಲ. ಫಾಲ್ಸ್ ಸೀಲಿಂಗಿಗೂ ಇದೇ ಮಾತು. ಮೇಲಿನ ತಾರಸಿ ಒಂದು ಮಳೆಗಾಲ ಸೋರದೆ ಕಳೆದ ಮೇಲೆ ಬೇಕಾದರೆ ಮಾಡಿಸಿ.

ಬೆತ್ತ ಹೆಣೆದ ಬೀರು ಬಾಗಿಲು ಮಾತ್ರ ಧೈರ್ಯವಾಗಿ ಮಾಡಿಸಿ. ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಸೀರೆಗೆ ಬೂಷ್ಟು ಹಿಡಿಯುವುದು ಕಮ್ಮಿ. ಹರಿದರೆ ಹೆಣೆಯುವವರು ಸಿಗುತ್ತಾರೆ. ಹಿಡಿಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗುಂಡಿ ಹಾಕಿಸಿದ್ದೇವೆ, ಮೊಮ್ಮಗಳು ದಿನಾ ಒಂದೊಂದನ್ನೂ ಮುಟ್ಟಿ ಬಣ್ಣ ಹೇಳುತ್ತಾಳೆ ಅಂತ ಅಮ್ಮನಿಗೆ ಸಂಭ್ರಮ.

ಅಡುಗೆಮನೆ ಬೀರುಗಳಿಗೆ ಪ್ಲೈವುಡ್ಡೋ ಎಚ್‌ಡಿಎಚ್‌ಎಂಆರೋ ಅನ್ನುವುದು ದೊಡ್ಡ ಚರ್ಚೆ. ಎರಡನೆಯದು ಮರದ ನಾರು ಒತ್ತಿ ಮಾಡಿದ, ತೇವ ತಡೆಯುವ ಹಲಗೆ. ಸಿಂಕ್ ಕೆಳಗಿನ ಪೆಟ್ಟಿಗೆಗೆ ಭಾರತೀಯ ಮಾನಕದ ಐಎಸ್ 710 ಗುರುತಿರುವ ಮರೈನ್ ಪ್ಲೈ ಬೇಕೇ ಬೇಕು. ಬರೀ ಎಂಆರ್ (ಸ್ವಲ್ಪ ತೇವ ಮಾತ್ರ ತಡೆಯುವ ಪ್ಲೈ) ಅಂತ ಇರುವುದು ಅಲ್ಲಿ ನಿಲ್ಲುವುದಿಲ್ಲ. ಬಾಗಿಲುಗಳಿಗೆ ಎಚ್‌ಡಿಎಚ್‌ಎಂಆರ್ ನಡೆಯುತ್ತದೆ, ಬಣ್ಣ ಹೊಡೆಯಲು ಅದು ಪ್ಲೈಗಿಂತ ನಯ. ಹಲಗೆ ಮೇಲಿನ ಮುದ್ರೆಯನ್ನು ಲ್ಯಾಮಿನೇಟ್ ಅಂಟಿಸುವ ಮೊದಲೇ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಕಾಣುವುದಿಲ್ಲ. ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಅಂತ ತುಂಬಾ ಜನ ಕೇಳುತ್ತಿದ್ದಾರೆ. ನೋಡಲು ಚೆಂದ, ಕಲೆ ಕಮ್ಮಿ. ಆದರೆ ಅದರಲ್ಲಿ ಕಲ್ಲಿನ ಪುಡಿಯ ಜೊತೆ ರೆಸಿನ್ (ಪ್ಲಾಸ್ಟಿಕ್ಕಿನಂಥ ಅಂಟು) ಇದೆ. ಒಲೆಯಿಂದ ಇಳಿಸಿದ ಬಾಣಲೆ ಹಾಗೇ ಇಟ್ಟರೆ ಸುಟ್ಟ ಕಲೆ ಉಳಿಯುತ್ತದೆ, ತೆಗೆಯಲು ಬರುವುದಿಲ್ಲ. ಒಗ್ಗರಣೆ ಸೌಟು, ಬಿಸಿ ಕುಕ್ಕರ್ ಎಲ್ಲ ಕಟ್ಟೆ ಮೇಲೆಯೇ ಇಡುವ ಮನೆಗೆ ಕಪ್ಪು ಗ್ರಾನೈಟ್ಟೇ ಸರಿ.

ಕೆಲಸದ ಕ್ರಮ ಹೀಗಿರಲಿ: ಸೋರುವುದು ನಿಲ್ಲಿಸುವುದು, ಪೈಪು, ವೈರಿಂಗು, ನೆಲ, ನೆಲ ಮುಚ್ಚಲು ಪ್ಲಾಸ್ಟಿಕ್ ಹಾಳೆ ಮತ್ತು ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪದರ, ಆಮೇಲೆ ಬಡಗಿ ಕೆಲಸ, ಬಣ್ಣ. ಕೆಂಪು ನೆಲ, ಆತ್ತಂಗುಡಿ ಇದ್ದರೆ ಪ್ಲಾಸ್ಟಿಕ್ ಹಾಳೆಯಲ್ಲಿ ತೂತಿಲ್ಲ ಅಂತ ಎರಡು ಸಲ ನೋಡಿ, ಪಿಒಪಿ ನೇರ ತಾಗಿದರೆ ಬಿಳಿ ಕಲೆ ಉಳಿಯುತ್ತದೆ.

ಟೈಲ್ಸ್ ಹಾಕಿಸಿದವರು ಒಂದು ಡಬ್ಬ ಜಾಸ್ತಿ ತೆಗೆದು ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಿ. ಡಬ್ಬದ ಮೇಲಿನ ಬ್ಯಾಚ್ ನಂಬರು, ಶೇಡ್ ನಂಬರು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬೇರೆ ಬ್ಯಾಚಿನಲ್ಲಿ ಅದೇ ಹೆಸರಿನ ಟೈಲ್ ಕೂಡ ಬಣ್ಣದಲ್ಲಿ ಬೇರೆಯಾಗಿರುತ್ತದೆ. ಕೆಂಪು ನೆಲ ಹಾಕಿಸಿದವರು ಬೆರೆಸಿಟ್ಟ ಪುಡಿಯಲ್ಲಿ ಎರಡು ಕೆಜಿ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸಿಮೆಂಟು ಹೆಚ್ಚು ದಿನ ಬಾಳದು, ಹಾಗಾಗಿ ಆಕ್ಸೈಡನ್ನು ಬೇರೆಯಾಗಿಯೂ ಒಂದು ಪೊಟ್ಟಣ ಕಟ್ಟಿಡಿ. ಜೊತೆಗೆ ಯಾವ ಅಳತೆಗೆ ಎಷ್ಟು ಬೆರೆಸಿದ್ದು ಅಂತ ಮೇಸ್ತ್ರಿಯ ಬಾಯಿಂದಲೇ ಕೇಳಿ ಆ ಪುಸ್ತಕದಲ್ಲಿ ಬರೆದುಕೊಳ್ಳಿ, ಅವರ ಫೋನ್ ನಂಬರಿನ ಪಕ್ಕದಲ್ಲೇ.